ಕರೆಂಟು ಇರುವಷ್ಟು ಹೊತ್ತಿನ ಶಾಶ್ವತ

ಯಸ್ಪರ್ ಹಲ್ಲೀನನ ಆ ಬುಧವಾರ ಕೆಟ್ಟಿದ್ದು ಒಂದು ಕಾಗದದ ಚೂರಿನಿಂದ. ಮುಂಬಾಗಿಲಿನ ಗಾಜಿಗೆ ಅದನ್ನು ಅಂಟಿಸಿ ಮೂರು ವಾರವಾಗಿತ್ತು. ಇಪ್ಪತ್ನಾಲ್ಕು ಮನೆಯವರೂ ಓದಿದ್ದರು, ಅವರ ಮನೆಗೆ ಬಂದು ಹೋಗುವ ನೆಂಟರೂ ಓದಿದ್ದರು. ಓದದೆ ಉಳಿದವನು ಯಸ್ಪರ್ ಒಬ್ಬನೇ. ಇನ್ನು ಮೇಲೆ ಈ ಕಟ್ಟಡದಲ್ಲಿ ಕಾಗದ ಅಂಟಿಸುವ ಕಾಲ ಮುಗಿಯಿತು ಎಂದು ವಸಂತದ ಸಭೆಯಲ್ಲಿ ಎದ್ದು ನಿಂತು ಸಾರಿದವನು ಅವನೇ. ತನ್ನ ಮಾತಿಗೆ ತಾನಾದರೂ ಮರ್ಯಾದೆ ಕೊಡಬೇಕೆಂದು ಅಂದಿನಿಂದ ಗೋಡೆ ಬಾಗಿಲುಗಳ ಕಡೆ ನೋಡುವುದನ್ನೇ ಬಿಟ್ಟಿದ್ದ. ಅವತ್ತು ಶೂ ಲೇಸು ಕಟ್ಟಲು ಬಗ್ಗಿ ಏಳುವಾಗ ಕಣ್ಣಿಗೆ ಬಿತ್ತು.

'ಬುಧವಾರ ಮೀಟರ್ ಬದಲಾವಣೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇಡೀ ಕಟ್ಟಡಕ್ಕೆ ಕರೆಂಟು ಇರುವುದಿಲ್ಲ.'

ಯಸ್ಪರ್ ಮೂರು ಸಲ ಓದಿದ. ಆಮೇಲೆ ಕೆಲಸಕ್ಕೆ ಹೋಗುವುದನ್ನು ಮರೆತು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅವನು ಯಾಕೆ ಹಾಗೆ ಕೂತ ಎಂದು ತಿಳಿಯಬೇಕಾದರೆ ನೆಲಮಾಳಿಗೆಯ ಕತೆ ಹೇಳಬೇಕು. ಅಲ್ಲಿದ್ದದ್ದು ಬಟ್ಟೆ ಒಗೆಯುವ ಕೋಣೆ. ಇಪ್ಪತ್ನಾಲ್ಕು ಮನೆಗೆ ಎರಡು ಯಂತ್ರ, ಒಂದು ಡ್ರೈಯರ್. ಯಾವ ದಿನ ಯಾವ ಹೊತ್ತು ಯಾರ ಸರದಿ ಎಂಬುದು ಆ ಕಟ್ಟಡದಲ್ಲಿ ಹುಟ್ಟು ಸಾವಿನಷ್ಟೇ ದೊಡ್ಡ ವಿಷಯ. ಸ್ವೀಡನ್ನಿನ ನಾರ್‌ಶೋಪಿಂಗ್‌ನ ಆ ಮಂದಿ ಲಿಫ್ಟಿನಲ್ಲಿ ಎದುರಾದರೆ ಮಳೆ ಬರಬಹುದು ಎನ್ನುವುದರ ಆಚೆಗೆ ಮಾತು ಬೆಳೆಸುತ್ತಿರಲಿಲ್ಲ. ಕೋಪವಿದ್ದರೆ ಚೀಟಿ ಬರೆದು ಒಗೆಯುವ ಕೋಣೆಯ ಗೋಡೆಗೆ ಅಂಟಿಸಿ, ಹೆಸರು ಹಾಕದೆ, ಮೆಲ್ಲಗೆ ಮೇಲೆ ಹೋಗಿಬಿಡುತ್ತಿದ್ದರು.

ಯಸ್ಪರ್ ಹೊಳೆಯಾಚೆಯ ಒಂದು ಬ್ಲಾಕ್‌ಚೈನ್ ಕಂಪನಿಯಲ್ಲಿ ಕೆಲಸಕ್ಕಿದ್ದ. ಒಂದೇ ಪುಸ್ತಕವನ್ನು ನೂರು ಕಡೆ ನೂರು ಯಂತ್ರಗಳು ಒಟ್ಟಿಗೆ ಬರೆದುಕೊಳ್ಳುತ್ತ ಹೋಗುವುದು, ಬರೆದ ಸಾಲನ್ನು ಆಮೇಲೆ ಯಾರೂ ಅಳಿಸಲಾಗದಂತೆ ಸಾಲಿಗೆ ಸಾಲು ಕೊಂಡಿ ಹಾಕುವುದು, ಇದು ಅವರ ಕಸುಬು. ಒಗೆಯುವ ಸರದಿಗೂ ಗೋಡೆಯ ಚೀಟಿಗೂ ಹಾಗೇ, ಫೋನಿನಿಂದಲೇ ಬರೆಯುವಂತೆ ಮಾಡಿಕೊಡುತ್ತೇನೆ ಎಂದು ಅವನು ಮುಂದೆ ಬಂದಿದ್ದರಲ್ಲಿ ಸಮಾಜಸೇವೆ ಸ್ವಲ್ಪ, ಸ್ವಾರ್ಥ ಪೂರ್ತಿ. ಒಂಬತ್ತನೇ ಮನೆ ಅವನದಲ್ಲ. ಮನೆಯೊಡತಿ ನಾರ್ವೆಯಲ್ಲಿದ್ದಳು, ಅವನು ಬಾಡಿಗೆಗಿದ್ದ. ಜೂನ್ ಮೂವತ್ತಕ್ಕೆ ಅವಧಿ ಮುಗಿಯುತ್ತಿತ್ತು. ಕಟ್ಟಡದ ಮಂಡಳಿ ಅಷ್ಟರೊಳಗೆ ಬರಹದಲ್ಲಿ ಒಪ್ಪಿಗೆ ಕೊಟ್ಟರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಬೀದಿ. ಊರಿನ ಬಾಡಿಗೆ ಮನೆಗಳ ಸಾಲಿನಲ್ಲಿ ಅವನ ಮುಂದೆ ಹನ್ನೊಂದು ವರ್ಷದಷ್ಟು ಜನ ನಿಂತಿದ್ದರು.

ಮಂಡಳಿಯ ಅಧ್ಯಕ್ಷೆ ಗುನ್ವೋರ್, ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು, "ಒಂದು ತಿಂಗಳು ನಿನ್ನ ಪುಸ್ತಕದಲ್ಲಿ ಒಂದು ಸಾಲೂ ಕಳೀದೆ ಇರ್ಲಿ ನೋಡೋಣ. ಬುಧವಾರ ಸಂಜೆ ಆರಕ್ಕೆ ನಿವಾಸಿಗಳ ಸಭೆ ಇದೆಯಲ್ಲ, ನಿನ್ನ ವಿಷಯ ಏನಾಯ್ತು ಅಂತ ಅಲ್ಲೇ ಹೇಳ್ತೀನಿ" ಎಂದಿದ್ದಳು. ತಿಂಗಳು ಮುಗಿದು ಒಂದು ದಿನ ಕಳೆದಿತ್ತು. ಒಂದು ಸಾಲೂ ಕಳೆದಿರಲಿಲ್ಲ. ಯಸ್ಪರ್ ದಿನವೂ ಸಾಲುಗಳನ್ನು ಎಣಿಸುತ್ತಿದ್ದ, ಓದುತ್ತಿರಲಿಲ್ಲ.

ಆದರೆ ಯಸ್ಪರ್ ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ನೂರು ಯಂತ್ರ, ಅವರ ಭಾಷೆಯಲ್ಲಿ ನೂರು 'ನೋಡ್', ಇರಬೇಕಾದಲ್ಲಿ ಇದ್ದದ್ದು ಒಂದು, ಡ್ರೈಯರ್ ಮೇಲಿನ ಹಲಗೆಯಲ್ಲಿ ಕೂತ ಅವನ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಓಡುತ್ತಿದ್ದದ್ದು ನಿಜವಾದ ಜಾಲವೂ ಅಲ್ಲ, ಡೆವ್‌ನೆಟ್. ಅಂದರೆ ಪ್ರೋಗ್ರಾಂ ಬರೆಯುವವರು ಕೈ ಪಳಗಿಸಿಕೊಳ್ಳಲು ಓಡಿಸುವ ಆಟದ ಜಾಲ. ಅದು ಡಿಸ್ಕಿನಲ್ಲಿ ಏನನ್ನೂ ಬರೆದಿಡುವುದಿಲ್ಲ, ಎಲ್ಲವನ್ನೂ ಮೆಮೊರಿಯಲ್ಲಿ, ತಲೆಯಲ್ಲೇ ಇಟ್ಟುಕೊಂಡಿರುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹಿಂದಿನದೊಂದೂ ಗೊತ್ತಿಲ್ಲದ ಹಸುಗೂಸಾಗಿ ಕಣ್ಣು ಬಿಡುತ್ತದೆ. ನಾಳೆ ಡಿಸ್ಕಿಗೆ ಬದಲಾಯಿಸೋಣ ಎಂದುಕೊಳ್ಳುತ್ತ ಯಸ್ಪರ್ ಮೂವತ್ತೊಂದು ನಾಳೆಗಳನ್ನು ಕಳೆದಿದ್ದ. ಸಾಲದ್ದಕ್ಕೆ ಲ್ಯಾಪ್‌ಟಾಪಿನ ಬ್ಯಾಟರಿ ಓವನ್ನಿನಲ್ಲಿಟ್ಟ ಬನ್ನಿನಂತೆ ಉಬ್ಬಿಕೊಂಡಿತೆಂದು ಅದನ್ನು ತೆಗೆದು ಡ್ರಾಯರಿನಲ್ಲಿ ಹಾಕಿದ್ದ. ಯಂತ್ರದ ಉಸಿರು ಗೋಡೆಯ ಪ್ಲಗ್ ಒಂದರಲ್ಲೇ ಇತ್ತು.

ಯಸ್ಪರ್ ಮೆಟ್ಟಿಲ ಮೇಲಿಂದಲೇ ಸಹೋದ್ಯೋಗಿ ಕ್ಯೋಸ್ತಿಗೆ ಫೋನ್ ಮಾಡಿದ.

"ನೋಡ್ ಶುರು ಮಾಡೋವಾಗ ಏನಂತ ಹಾಕಿದ್ದೆ? ಡಿಸ್ಕ್ ಅಂತಾನೋ ಮೆಮೊರಿ ಅಂತಾನೋ?" ಎಂದ ಕ್ಯೋಸ್ತಿ.

"ಮೆಮೊರಿ."

"ಯಾಕೋ ಮಾರಾಯ?"

"ನೀನೇ ಕಣೋ ಹೇಳ್ಕೊಟ್ಟಿದ್ದು! ಡೆವ್‌ನೆಟ್‌ಗೆ ಡಿಸ್ಕ್ ಯಾಕೆ, ಎಲ್ಲಾ ಮೆಮೊರೀಲಿ ಇಟ್ಕೊ, ಗಾಳಿ ಹಂಗೆ ಓಡುತ್ತೆ ಅಂದ್ಯಲ್ಲ."

"ಆಫೀಸಲ್ಲಿ ಆಟ ಆಡೋಕೆ ಹೇಳ್ದೆ ಕಣೋ. ಇಪ್ಪತ್ನಾಲ್ಕು ಮನೆ ಚಡ್ಡಿ ಬನೀನು ಅದರ ಮೇಲೆ ನೇತು ಹಾಕು ಅಂದ್ನಾ?"

"ಈಗ ಡಿಸ್ಕಿಗೆ ಬದಲಾಯಿಸಲಾ?"

"ಬದಲಾಯಿಸೋಕೆ ನಿಲ್ಲಿಸ್ಬೇಕು. ನಿಲ್ಲಿಸಿದ್ರೆ ಮುಗೀತು." ಕ್ಯೋಸ್ತಿ ಕಾಫಿ ಗುಟುಕರಿಸಿದ ಸದ್ದು ಕೇಳಿಸಿತು. "ಒಂದು ಕೆಲಸ ಮಾಡು. ಪಕ್ಕದಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಕೂರಿಸು. ಅದರಲ್ಲಿ ಡಿಸ್ಕ್ ಅಂತ ಹಾಕಿ ಎರಡನೇ ನೋಡ್ ಶುರು ಮಾಡು. ಮೊದಲನೇದು ಹೇಳ್ತಾ ಹೋಗತ್ತೆ, ಎರಡನೇದು ಕೇಳಿಸ್ಕೊಂಡು ಬರ್ಕೊಳ್ತಾ ಹೋಗತ್ತೆ. ಆಮೇಲೆ ಮೊದಲನೇದು ಸತ್ರೂ ಚಿಂತೆ ಇಲ್ಲ."

ಯಸ್ಪರನಿಗೆ ಜೀವ ಬಂತು. ಆದರೆ ಆಫೀಸಿನ ಲ್ಯಾಪ್‌ಟಾಪು ಗೊತ್ತಿಲ್ಲದ ಜಾಲಕ್ಕೆ ಸೇರುವುದಿಲ್ಲವೆಂದು ಹಟ ಹಿಡಿಯಿತು. ಅವನು ನೆಲಮಾಳಿಗೆಯಲ್ಲಿ ತಲೆ ಮೇಲೆ ಕೈಯಿಟ್ಟು ನಿಂತಿದ್ದಾಗ ಎರಡನೇ ಮಹಡಿಯ ಸೂಲ್‌ವೇ ಬಟ್ಟೆ ಬುಟ್ಟಿ ಹಿಡಿದು ಇಳಿದು ಬಂದಳು. ಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತಳಾದ ಹೆಂಗಸು. ಸಮಾಧಾನದ ಮುಖ.

"ಏನಾಯ್ತೋ? ಹೆಣ ಕಾಯೋವ್ನ ಹಂಗೆ ನಿಂತಿದೀಯ."

ಯಸ್ಪರ್ ನಿಜದಲ್ಲಿ ಅರ್ಧ ಹೇಳಿದ. ಕರೆಂಟು ಹೋದರೆ ಪುಸ್ತಕಕ್ಕೆ ಸ್ವಲ್ಪ ತೊಂದರೆಯಾಗಬಹುದು ಎಂದ.

"ತೊಂದರೆ ಅಂದ್ರೆ? ಅಳಿಸಿ ಹೋಗತ್ತಾ?" ಎಂದು ಸೂಲ್‌ವೇ ಬುಟ್ಟಿ ಕೆಳಗಿಟ್ಟಳು.

"ಛೆ ಛೆ, ಹಾಗೇನಿಲ್ಲ. ಒಂದು ಪ್ರತಿ ಮಾಡಿಟ್ರೆ ಒಳ್ಳೇದು ಅಂತ ಅಷ್ಟೇ."

ಸೂಲ್‌ವೇ ಒಂದು ಗಳಿಗೆ ಯೋಚಿಸಿ, "ನನ್ನ ಲ್ಯಾಪ್‌ಟಾಪ್ ತಗೋಳಪ್ಪ. ಹೇಗೂ ಹಳೇದು" ಎಂದಳು.

ಎಂಥ ಒಳ್ಳೆಯ ಜೀವ ಎಂದುಕೊಂಡ ಯಸ್ಪರ್. ಹನ್ನೊಂದಕ್ಕೆ ಎರಡನೇ ನೋಡ್ ಕೇಳಿಸಿಕೊಳ್ಳಲು ಶುರು ಮಾಡಿತು. ಯಾರೂ ಬಟ್ಟೆ ಒಗೆಯದಿದ್ದ ಹೊತ್ತಿನಲ್ಲೂ ಮೊದಲ ಯಂತ್ರ ಆರು ಸೆಕೆಂಡಿಗೊಂದು ಖಾಲಿ ಪುಟ ಹೊಲಿಯುತ್ತಲೇ ಬಂದಿತ್ತು. ತಿಂಗಳಿಗೆ ನಾಲ್ಕೂವರೆ ಲಕ್ಷದಷ್ಟು ಪುಟ. ಎರಡನೆಯದು ಅವನ್ನೆಲ್ಲ ಒಂದೊಂದಾಗಿ, ಹೊಸ ಗುಮಾಸ್ತನ ಹಾಗೆ ತಿರುತಿರುಗಿಸಿ ಪರೀಕ್ಷೆ ಮಾಡಿ ಬರೆದುಕೊಳ್ಳುತ್ತಿತ್ತು. ನೂರಕ್ಕೆ ನಲವತ್ತು. ಎಪ್ಪತ್ತು. ತೊಂಬತ್ತೆರಡು.

ತೊಂಬತ್ತೆರಡರಲ್ಲಿ ಸೂಲ್‌ವೇ ಕಾಫಿ ಫ್ಲಾಸ್ಕೂ ಏಲಕ್ಕಿ ಬನ್ನೂ ಹಿಡಿದು ಮತ್ತೆ ಬಂದಳು. "ಹಸಿದಿರ್ತೀಯ, ತಿನ್ನು" ಎಂದು ಲೋಟಕ್ಕೆ ಕಾಫಿ ಬಗ್ಗಿಸಿದಳು. ಲೋಟ ತುಂಬಿತು. ತುಂಬಿದ ಮೇಲೂ ಬಗ್ಗಿಸುತ್ತಲೇ ಇದ್ದಳು.

"ಸೂಲ್‌ವೇ! ಸೂಲ್‌ವೇ!"

"ಅಯ್ಯೋ ನನ್ನ ಕಣ್ಣೇ!" ಎಂದಳು ಸೂಲ್‌ವೇ, ಫ್ಲಾಸ್ಕ್ ಪೂರ್ತಿ ಖಾಲಿಯಾದ ಮೇಲೆ.

ಕೀಲಿಮಣೆಯ ಸಂದಿಯಲ್ಲಿ ಕಾಫಿ ಇಂಗಿ ಎರಡನೇ ಲ್ಯಾಪ್‌ಟಾಪು ಚಟಕ್ಕೆಂದು ಕಣ್ಣು ಮುಚ್ಚಿತು. ತನ್ನದೇ ಯಂತ್ರ ಹಾಳಾದರೂ ಆಕೆ ಒಂದು ಮಾತು ಬೇಸರ ಮಾಡಿಕೊಳ್ಳಲಿಲ್ಲ. "ಹೋದ್ರೆ ಹೋಗ್ಲಿ ಬಿಡು, ವಸ್ತು ತಾನೇ" ಎಂದು ಯಸ್ಪರನ ಬೆನ್ನು ಸವರಿ ಹೋದಳು. ಅವನು ಅಂಗಿಯಿಂದಲೇ ಕಾಫಿ ಒರೆಸಿದ.

ಗಂಟೆ ಹನ್ನೆರಡೂ ಮುಕ್ಕಾಲು. ಇನ್ನೂ ಸಮಯವಿದೆ, ಬೇರೆ ಲ್ಯಾಪ್‌ಟಾಪ್ ಹುಡುಕೋಣ ಎಂದು ಅವನು ಮೆಟ್ಟಿಲು ಹತ್ತುವಾಗ ನೀಲಿ ಅಂಗಿಯ ಎಲೆಕ್ಟ್ರಿಷಿಯನ್ ಎದುರಿಗೆ ಇಳಿದು ಬಂದ.

"ಎರಡಕ್ಕಲ್ವಾ ನೀನು ಬರೋದು?"

"ಎರಡಕ್ಕೇ ಇತ್ತು. ನಿಮ್ಮ ಅಧ್ಯಕ್ಷೆ ಬೆಳಿಗ್ಗೆ ಫೋನ್ ಮಾಡಿ, ಆದಷ್ಟು ಬೇಗ ಬಾರಪ್ಪ, ಬೇಗ ಮುಗಿಸಪ್ಪ ಅಂತ ಎರಡು ಸಲ ಹೇಳಿದ್ಲು. ಒಂದಕ್ಕೆ ಕಿತ್ತುಬಿಡ್ತೀನಿ."

ಯಸ್ಪರ್ ಅಂಗಳಕ್ಕೆ ಓಡಿದ. ಅಲ್ಲಿ ಎದುರು ಮನೆಯ ಬೋರ್ಯೆ ತನ್ನ ದೋಣಿಗೆ ಬಣ್ಣ ಹಚ್ಚುತ್ತಿದ್ದ. ಮೂವತ್ತೈದು ವರ್ಷ ಟ್ರಾಮ್ ಓಡಿಸಿದವನಾದ್ದರಿಂದ ಕರೆಂಟಿನ ವಿಷಯದಲ್ಲಿ ಯಾರು ಬಾಯಿ ತೆಗೆದರೂ ಅವನು ಅಡ್ಡಬರುತ್ತಿದ್ದ.

"ಬೋರ್ಯೆ, ನಿನ್ನ ದೋಣಿ ಬ್ಯಾಟರಿ! ಎರಡು ತಾಸಿನ ಮಟ್ಟಿಗೆ ಕೊಡು!"

"ಯಾಕೆ, ಆ ಸರದಿ ಪೆಟ್ಟಿಗೆಗಾ?" ಬೋರ್ಯೆ ಕುಂಚ ಕೆಳಗಿಡಲಿಲ್ಲ. "ಆರಿದ್ರೆ ಆರ್ಲಿ ಬಿಡೋ. ಅದಕ್ಕೂ ಸ್ವಲ್ಪ ನಿದ್ದೆ ಬೇಡ್ವಾ?"

"ನನ್ನ ಮನೆ ಹೋಗತ್ತೆ ಬೋರ್ಯೆ!"

ಆ ದನಿ ಕೇಳಿ ಬೋರ್ಯೆಯ ಮನಸ್ಸು ಕರಗಿರಬೇಕು. ಗೊಣಗುತ್ತಲೇ ಬ್ಯಾಟರಿಯನ್ನೂ ಇನ್ವರ್ಟರನ್ನೂ ಕೈಗಾಡಿಯಲ್ಲಿ ಹಾಕಿ ನೆಲಮಾಳಿಗೆಗೆ ತಂದುಕೊಟ್ಟ. ತಂದಮೇಲೆ ಹೊಸ ಕಷ್ಟ ಕಾಣಿಸಿತು. ಲ್ಯಾಪ್‌ಟಾಪಿನ ವೈರನ್ನು ಗೋಡೆಯಿಂದ ಕಿತ್ತು ಇನ್ವರ್ಟರಿಗೆ ಸಿಕ್ಕಿಸಲು ಎರಡು ಸೆಕೆಂಡಾದರೂ ಬೇಕು. ಆ ಎರಡು ಸೆಕೆಂಡಿಗೆ ಉಸಿರು ಎಲ್ಲಿಂದ?

ಡ್ರಾಯರಿನಿಂದ. ಯಸ್ಪರ್ ಮೂರು ಮಹಡಿ ಓಡಿ ಹತ್ತಿ ಆ ಉಬ್ಬಿದ ಬ್ಯಾಟರಿಯನ್ನು ಟವೆಲಿನಲ್ಲಿ ಸುತ್ತಿ, ಆಗಷ್ಟೇ ಹುಟ್ಟಿದ ಮಗುವಿನಂತೆ ಎದೆಗವಚಿಕೊಂಡು ಇಳಿದ.

"ಅದನ್ನ ಒಳಗೆ ತುರುಕ್ತೀಯಾ? ಕಟ್ಟಡ ಸುಟ್ಟೀಯ!" ಬೋರ್ಯೆ ಬಾಗಿಲಾಚೆ ಸರಿದು ನಿಂತು ಅಲ್ಲಿಂದ ಸಲಹೆ ಕೊಟ್ಟ. "ನನ್ನ ಮಾತು ಕೇಳು. ಸುಮ್ನೆ ಆರಿಸ್ಬಿಡು. ಒಂದು ನಿಮಿಷದ ಕೆಲಸ."

"ಆರಿಸೋ ಹಾಗಿಲ್ಲ!"

"ನಾನೇ ಆರಿಸ್ಲಾ?"

"ಮುಟ್ಬೇಡ!"

ಉಬ್ಬಿದ ಬ್ಯಾಟರಿ ಒಳಗೆ ಕೂರಲಿಲ್ಲ. ಯಸ್ಪರ್ ಡ್ರೈಯರ್ ಮೇಲೆ ಮಂಡಿಯೂರಿ ಅದನ್ನು ಹೊಟ್ಟೆಯಿಂದ ಒತ್ತಿ ಹಿಡಿದ. ಬ್ಯಾಟರಿಯ ದೀಪ ಹಳದಿಯಾಯಿತು. ಗೋಡೆಯಿಂದ ಕಿತ್ತ. ಇನ್ವರ್ಟರಿಗೆ ಸಿಕ್ಕಿಸಿದ. ಅದೇ ಹೊತ್ತಿಗೆ ಮೇಲೆ ಎಲ್ಲೋ ಠಕ್ ಎಂದಿತು. ಇಡೀ ಕಟ್ಟಡ ಕತ್ತಲಾಯಿತು. ಡ್ರೈಯರ್ ನರಳಿ ನಿಂತಿತು. ಹಲಗೆಯ ಮೇಲೆ ಪರದೆ ಮಾತ್ರ ಉರಿಯುತ್ತಿತ್ತು, ಆರು ಸೆಕೆಂಡಿಗೊಂದು ಪುಟ ಹೊಲಿಯುತ್ತ.

ಬೋಗುಣಿ ಮಗುಚಿ ಹಾಕಿಕೊಂಡು ಅದರ ಮೇಲೆ ಕೂತು ಯಸ್ಪರ್ ಕಾವಲು ಕಾದ. ಹತ್ತು ನಿಮಿಷಕ್ಕೊಮ್ಮೆ ಬೋರ್ಯೆ ಬಂದು, "ಬ್ಯಾಟರಿ ಇಳೀತಾ ಇದೆ ನೋಡು, ಒಂದು ಗಳಿಗೆ ಆರಿಸಿ ಉಳಿಸ್ಕೊಳ್ಳೋದು ಒಳ್ಳೇದು" ಎನ್ನುತ್ತಿದ್ದ. ಎರಡೂವರೆಗೆ ಗುನ್ವೋರ್ ಟಾರ್ಚ್ ಹಿಡಿದು ಬಂದಳು.

"ಇನ್ನೂ ಓಡ್ತಾ ಇದೆಯಾ?"

"ಓಡ್ತಾ ಇದೆ ಗುನ್ವೋರ್."

"ಎಲ್ಲಾ ಇದೆಯಾ? ಎಲ್ಲಾ ಸಾಲೂ?"

"ಒಂದೂ ಹೋಗಿಲ್ಲ."

ಗುನ್ವೋರ್ ಉದ್ದಕ್ಕೆ ಉಸಿರು ಬಿಟ್ಟು ತಿರುಗಿ ಹೋದಳು. ತನ್ನ ನಿಷ್ಠೆ ಕಂಡು ಆಕೆಗೆ ಮಾತೇ ಹೊರಡಲಿಲ್ಲ ಎಂದುಕೊಂಡ ಯಸ್ಪರ್. ಮೂರಕ್ಕೆ ಕರೆಂಟು ಬಂತು. ಮತ್ತೆ ಹೊಟ್ಟೆಯಿಂದ ಒತ್ತಿ ಹಿಡಿದು ವೈರನ್ನು ಗೋಡೆಗೆ ಮರಳಿಸಿದ. ಉಬ್ಬಿದ ಬ್ಯಾಟರಿಯನ್ನು ಅಂಗಳಕ್ಕೆ ಒಯ್ದು ಮರಳಿನ ಬಕೆಟಿನಲ್ಲಿ ಇಟ್ಟು ಬಂದ. ಅಂಗಿಗೆ ಕಾಫಿ, ಮಂಡಿಗೆ ಬಟ್ಟೆಯ ಜುಂಗು, ಕೂದಲಿಗೆ ಬೋರ್ಯೆಯ ದೋಣಿಯ ಬಣ್ಣ. ಆದರೂ ಗೆದ್ದಿದ್ದ.

ಸಂಜೆ ಆರಕ್ಕೆ ಬಟ್ಟೆ ಒಗೆಯುವ ಕೋಣೆಯಲ್ಲಿ ಮಡಚುವ ಕುರ್ಚಿಗಳನ್ನು ಹಾಕಿ ಎಲ್ಲರೂ ಕೂತರು. ಯಸ್ಪರ್ ಎದ್ದು ನಿಂತು, "ಮೂವತ್ತೊಂದು ದಿನ, ಒಂದು ಸಾಲೂ ಕಳೆದಿಲ್ಲ" ಎಂದ. ಚಪ್ಪಾಳೆಗೆ ಕಾದ. ಸಭೆ ಶವಸಂಸ್ಕಾರಕ್ಕೆ ಬಂದವರಂತೆ ನೆಲ ನೋಡುತ್ತಿತ್ತು.

ಗುನ್ವೋರ್ ಗಂಟಲು ಸರಿಮಾಡಿಕೊಂಡಳು. "ಅದೇ ತೊಂದರೆ ನೋಡು ಯಸ್ಪರ್."

"ಯಾವುದು?"

"ಕಳೀದೆ ಇರೋದು. ನನ್ನ ನೀಲಿ ದುಪ್ಪಟಿ ಯಾರೋ ಕದ್ದಿದ್ದಾರೆ ಅಂತ ನಾನು ಬರೆದೆ. ವಾರ ಬಿಟ್ಟು ಅದು ನನ್ನ ಮಂಚದ ಹಿಂದೆ ಸಿಕ್ತು. ಕದ್ದಿದ್ದಾರೆ ಅನ್ನೋ ಸಾಲು ಇವತ್ತಿಗೂ ಇದೆ, ಕೆಳಗೆ ನನ್ನ ಹೆಸರು."

"ಡ್ರೈಯರಲ್ಲಿ ಜುಂಗು ಬಿಟ್ಟು ಹೋದೋನು ಹಂದಿ ಅಂತ ನಾನು ಬರೆದೆ" ಎಂದ ಬೋರ್ಯೆ. "ಆ ಸರದಿ ಯಾರದು ಅಂತ ನಿನ್ನ ಪೆಟ್ಟಿಗೆ ಪಕ್ಕದಲ್ಲೇ ತೋರಿಸ್ತಾ ಇದೆ. ನಂದೇ."

"ಗುನ್ವೋರ್ ಅಧ್ಯಕ್ಷೆ ಅಲ್ಲ, ಜೈಲರು ಅಂತ ನಾನು..." ಸೂಲ್‌ವೇ ಕರವಸ್ತ್ರ ಹಿಂಡಿದಳು. "ಮೊದಲಿನ ಚೀಟಿ ಹಾಗೆ ಹೆಸರು ಬೀಳಲ್ಲ ಅಂದ್ಕೊಂಡಿದ್ದೆ. ಹತ್ತಿರ ಬರೋಕೆ ನೆಪ ಬೇಕಲ್ಲ ಅಂತ ಲ್ಯಾಪ್‌ಟಾಪ್ ಕೊಟ್ಟು ಕಾಫಿ ಸುರಿದು ನೋಡಿದೆ, ಅದೂ ತಪ್ಪು ಯಂತ್ರದ ಮೇಲೆ ಬಿತ್ತು."

"ನೀನು ಏನಾದ್ರೂ ಉಪಾಯ ಮಾಡೋದ್ರೊಳಗೆ ಕರೆಂಟಾದ್ರೂ ಕೆಡಿಸುತ್ತೇನೋ ಅಂತ ನಾನು ಒಂದು ಗಂಟೆ ಮುಂಚೆ ಕರೆಸಿದೆ" ಎಂದಳು ಗುನ್ವೋರ್.

ಯಸ್ಪರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಇಡೀ ದಿನ ತಾನು ಹೊಟ್ಟೆ ಕೊಟ್ಟು ಕಾಪಾಡಿದ್ದನ್ನು ಸಾಯಿಸಲು ಇವರೆಲ್ಲ ಪಾಳಿ ಹಾಕಿಕೊಂಡು ದುಡಿದಿದ್ದರು. ಸಿಟ್ಟು ಬರುವ ಮೊದಲೇ ಅವನಿಗೆ ಒಂದು ಸಂತೋಷ ಹೊಳೆಯಿತು. ತಿಂಗಳಿಂದ ಮುಚ್ಚಿಟ್ಟ ತಪ್ಪೇ ಈಗ ಅವನನ್ನು ಕಾಯಲಿತ್ತು.

"ಇಷ್ಟೇನಾ? ಅದೆಲ್ಲಾ ಇರೋದು ಬರೀ ಮೆಮೊರೀಲಿ! ಆ ಪ್ಲಗ್ ಕಿತ್ರೆ ಹುಟ್ಟೇ ಇರ್ಲಿಲ್ಲ ಅನ್ನೋ ಹಾಗೆ ಹೋಗತ್ತೆ."

"ನಿಜವಾಗ್ಲೂ?" ಎಂದಳು ಗುನ್ವೋರ್.

"ದೇವರಾಣೆ."

"ಕೀಳೋ ಬೋರ್ಯೆ!"

ಬೋರ್ಯೆ ಎರಡೂ ಕೈಯಲ್ಲಿ ಕಿತ್ತ. ಪರದೆ ಕಪ್ಪಾಯಿತು. ಆ ಕಟ್ಟಡದಲ್ಲಿ ಹಿಂದೆಂದೂ ಕೇಳದ ಚಪ್ಪಾಳೆ ಬಿತ್ತು. ಸೂಲ್‌ವೇ ಗುನ್ವೋರಳನ್ನು ತಬ್ಬಿಕೊಂಡಳು. ಬೋರ್ಯೆ ಯಸ್ಪರನ ಬೆನ್ನಿಗೆ ಗುದ್ದಿ, "ಎಂಥಾ ಜಾಣ ನೀನು, ಮೊದಲೇ ಬೊಗಳಬಾರದಿತ್ತಾ?" ಎಂದ.

"ಈಗ ಯಸ್ಪರನ ಮನೆ ವಿಷಯ." ಗುನ್ವೋರ್ ಕಣ್ಣೊರೆಸಿಕೊಂಡು ಸಂತೋಷದಿಂದ ಹೇಳಿದಳು. "ನಿನ್ನೆ ಸಂಜೆಯೇ ಮಂಡಳಿ ಕೂತಿತ್ತು. ಮೂವರೂ ಒಪ್ಪಿದೀವಿ. ಇನ್ನೊಂದು ವರ್ಷ ಇಲ್ಲೇ ಇರು."

ಮತ್ತೆ ಚಪ್ಪಾಳೆ. ಯಸ್ಪರನ ಕಣ್ಣು ತುಂಬಿತು. "ಆ ಪತ್ರ ಕೊಡ್ತೀಯಾ ಗುನ್ವೋರ್? ಮನೆಯೊಡತಿಗೆ ಕಳಿಸ್ಬೇಕು."

"ಪತ್ರ ಯಾಕೆ? ಇನ್ಮೇಲೆ ಕಾಗದ ಬೇಡ ಅಂತ ನೀನೇ ಅಂದಿದ್ಯಲ್ಲ. ನಿನಗೆ ಗೌರವ ಇರ್ಲಿ ಅಂತ ನಿನ್ನ ಪುಸ್ತಕದಲ್ಲೇ ಬರೆದು, ಮೂವರೂ ಅದರಲ್ಲೇ ಸಹಿ ಹಾಕಿ..."

ಗುನ್ವೋರ್ ಮಾತು ನಿಲ್ಲಿಸಿದಳು. ಎಲ್ಲರೂ ಹಲಗೆಯ ಕಡೆ ತಿರುಗಿದರು. ಪ್ಲಗ್ ಇನ್ನೂ ಬೋರ್ಯೆಯ ಕೈಯಲ್ಲಿತ್ತು.

"ಬೆಳಿಗ್ಗೆ ಫೋನ್ ಮಾಡೋವಾಗ್ಲೂ ಈಗ ಕೀಳಿಸೋವಾಗ್ಲೂ ನನಗೆ ದುಪ್ಪಟಿ ಒಂದೇ ನೆನಪಿತ್ತು" ಎಂದಳು ಮೆಲ್ಲಗೆ.

"ಪರವಾಗಿಲ್ಲ, ಈಗ ಬರೆದುಕೊಡು" ಎಂದ ಯಸ್ಪರ್.

"ಇನ್ನಿಬ್ಬರು ಬೆಳಿಗ್ಗೆಯೇ ದ್ವೀಪದ ಮನೆಗೆ ಹೊರಟುಹೋದ್ರಲ್ಲ ಯಸ್ಪರ್. ಬೇಸಿಗೆ ಮುಗಿಯೋ ತನಕ ಫೋನೂ ಮುಟ್ಟಲ್ಲ ಅವರು. ಇನ್ನು ಮಂಡಳಿ ಕೂರೋದು ಆಗಸ್ಟ್ ಹತ್ತೊಂಬತ್ತಕ್ಕೆ."

"ನಿನಗೆ ನೆನಪಿದೆಯಲ್ಲ!"

"ಚೆನ್ನಾಗಿ ನೆನಪಿದೆ. ಆದ್ರೆ ಅದು ನನ್ನ ತಲೇಲಿರೋದು. ತಲೇಲಿರೋದಕ್ಕೆ ಮುದ್ರೆ ಒತ್ತೋಕಾಗತ್ತಾ?"

ಯಾರೂ ಕೆಟ್ಟವರಲ್ಲ. ಸೂಲ್‌ವೇ ಅತ್ತೇಬಿಟ್ಟಳು. ಸಾಮಾನು ಸಾಗಿಸಲು ಕೈಗಾಡಿ ಕೊಡುತ್ತೇನೆ ಎಂದ ಬೋರ್ಯೆ. ಆಮೇಲೆ ನಾಳೆ ಬೆಳಿಗ್ಗೆ ಏಳರ ಸರದಿ ಯಾರದು ಎಂದು ಯಾರೋ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

"ಹೋಗೋಕೆ ಮುಂಚೆ ಇದನ್ನೊಂದು ಶುರು ಮಾಡಿಕೊಡಪ್ಪ" ಎಂದಳು ಗುನ್ವೋರ್.

ಯಸ್ಪರ್ ಪ್ಲಗ್ ಸಿಕ್ಕಿಸಿದ. ಹಸುಗೂಸು ಕಣ್ಣು ಬಿಟ್ಟಿತು. ಪುಟ ಸೊನ್ನೆ. ಮೊದಲ ಸಾಲನ್ನು ಗುನ್ವೋರಳೇ ಬರೆದಳು: 'ಒಂಬತ್ತನೇ ಮನೆ ಮೂವತ್ತಕ್ಕೆ ಖಾಲಿ. ಆ ಮನೆಯ ಭಾನುವಾರದ ಸರದಿ ಬೇಕಾದವರು ಹೆಸರು ಕೊಡಿ.' ಕುರ್ಚಿ ಮಡಚುವುದರೊಳಗೆ ಅದರ ಕೆಳಗೆ ಹದಿನೇಳು ಹೆಸರು ಬಿದ್ದವು. ಮೊದಲನೆಯದು ಸೂಲ್‌ವೇಯದು, ಎರಡನೆಯದು ಬೋರ್ಯೆಯದು.

ಗುನ್ವೋರ್ ಬಗ್ಗಿ ಯಸ್ಪರನ ಕಿವಿಯಲ್ಲಿ ಹೇಳಿದಳು. "ಇಷ್ಟನ್ನು ಮಾತ್ರ ಡಿಸ್ಕಿಗೆ ಹಾಕಿಬಿಡೋ. ಇದು ಅಳಿಸಿಹೋದ್ರೆ ಇಲ್ಲಿ ರಕ್ತ ಹರಿಯತ್ತೆ."

ಯಸ್ಪರ್ ನೋಡ್ ನಿಲ್ಲಿಸಿದ. ಮೂವತ್ತೊಂದು ದಿನದಿಂದ ನಾಳೆ ನಾಳೆ ಎನ್ನುತ್ತಿದ್ದ ಕೆಲಸವನ್ನು ಒಂದೂವರೆ ನಿಮಿಷದಲ್ಲಿ ಮಾಡಿ ಮುಗಿಸಿ, ಅಳಿಸಿಹೋದ ಆ ಹದಿನೆಂಟು ಸಾಲನ್ನೂ ಒಂದೊಂದಾಗಿ ಕೇಳಿ ಮತ್ತೆ ಬರೆಸಿಕೊಂಡ.